ಮುಕ್ಕಾಲು ಖಾಲಿ ನಕ್ಷೆ: ಜಿ. ಎನ್. ರಾಮಚಂದ್ರನ್

ಲೇಟೆಕ್‌ನಲ್ಲಿ ಪ್ರಾಜೆಕ್ಟ್ ರಿಪೋರ್ಟ್ ಬರೆದವರಿಗೆ ಗೊತ್ತು, ಅದರಲ್ಲಿ ಯಾವ ಕೆಲಸಕ್ಕೆ ಪ್ಯಾಕೇಜ್ ಇಲ್ಲ ಅಂತ ಹುಡುಕೋದೇ ಕಷ್ಟ. ಸರ್ಕ್ಯೂಟ್ ಬರೆಯೋಕೆ ಒಂದು, ಚದುರಂಗದ ಮಣೆಗೆ ಒಂದು, ಸಂಗೀತದ ಸ್ವರಲಿಪಿಗೆ ಇನ್ನೊಂದು. ಅವುಗಳ ನಡುವೆ ಟೆಕ್ಸ್‌ಟೋಪೋ ಅಂತ ಒಂದಿದೆ. ಜರ್ಮನಿಯ ಎರಿಕ್ ಬೈಟ್ಸ್ ಇದನ್ನು 2000ದಲ್ಲಿ ಹೊರತಂದರು. ಜೀವಕೋಶದ ಪೊರೆಯಲ್ಲಿ ನೆಟ್ಟುಕೊಂಡಿರುವ ಪ್ರೋಟೀನುಗಳ ಚಿತ್ರ ಬರೆಯೋದು ಇದರ ಕೆಲಸ. ಪ್ರೋಟೀನಿನ ಅಮೈನೊ ಆಮ್ಲಗಳ ಸಾಲು ಯಾವುದು, ಅದರಲ್ಲಿ ಯಾವ್ಯಾವ ತುಂಡು ಪೊರೆಯೊಳಗೆ ಹೋಗುತ್ತೆ ಅನ್ನೋದನ್ನು ಕೊಟ್ಟರೆ ಸಾಕು, ಒಂದೊಂದು ಅಮೈನೊ ಆಮ್ಲಕ್ಕೂ ಒಂದೊಂದು ಮಣಿ, ಮಣಿಯೊಳಗೊಂದು ಅಕ್ಷರ. ಆ ಮಣಿಸರ ಪೊರೆಯನ್ನು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ದಾಟುತ್ತಾ ಹಾವಿನ ಹಾಗೆ ಪುಟದ ತುಂಬ ಹರಿದುಕೊಂಡು ಹೋಗುತ್ತದೆ. ಬೇಕಾದ ಮಣಿಗೆ ಬೇಕಾದ ಬಣ್ಣ ಹಾಕಬಹುದು. ಒಂದು ತುಂಡನ್ನು ನೆತ್ತಿಯ ಮೇಲಿಂದ ನೋಡಿದ ಹಾಗೆ ಚಕ್ರವಾಗಿಯೂ ಬರೆಸಬಹುದು.

ಇಂಥ ಚಿತ್ರಗಳಲ್ಲಿ ಒಂದು ವಿಷಯ ಕಣ್ಣಿಗೆ ಬೀಳುತ್ತೆ. ಸರ ಪೊರೆಯನ್ನು ದಾಟುವ ಕಡೆಯಲ್ಲೆಲ್ಲ ಹೆಚ್ಚುಕಡಿಮೆ 20 ಮಣಿಗಳು ಅಚ್ಚುಕಟ್ಟಾಗಿ ಕಂಬದ ಹಾಗೆ ನಿಂತಿರುತ್ತವೆ. ಸರ ತಾನೇ, ಹೇಗೆ ಬೇಕಾದರೂ ಬಾಗಬಹುದಲ್ವಾ ಅಂತ ನಾವು ಕೇಳಬಹುದು. ಬಾಗಲ್ಲ. ಪ್ರೋಟೀನಿನ ಸರ ಎಲ್ಲಿ ಬಾಗಬಹುದು, ಎಲ್ಲಿ ಬಾಗಲಾರದು ಅನ್ನೋದನ್ನು ಒಂದು ಚೌಕದೊಳಗೆ ಬರೆದು ತೋರಿಸಿದವರು ಮದ್ರಾಸಿನಲ್ಲಿ ಕೂತಿದ್ದ ಮೂವರು. ಅವರ ಹಿರಿಯರು ಗೋಪಾಲಸಮುದ್ರಂ ನಾರಾಯಣ ರಾಮಚಂದ್ರನ್. ಇವರ ಬದುಕನ್ನು ನಮ್ಮ ಓದುಗರಿಗೆ ಹೇಳೋಕೆ ಇನ್ನೊಂದು ಕಾರಣವೂ ಇದೆ. ಇವರು ಬೆಂಗಳೂರಿಗೆ ಬಂದದ್ದು ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದೋಕೆ.

ಹುಟ್ಟಿದ್ದು 1922ರ ಅಕ್ಟೋಬರ್ 8ರಂದು, ಎರ್ನಾಕುಲಂನಲ್ಲಿ. ತಂದೆ ನಾರಾಯಣ ಅಯ್ಯರ್ ಅಲ್ಲಿನ ಮಹಾರಾಜಾಸ್ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. ಹಾಗಾಗಿ ಮನೆಯಲ್ಲಿ ಗಣಿತಕ್ಕೇನೂ ಬರವಿರಲಿಲ್ಲ. ತಿರುಚಿರಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಭೌತಶಾಸ್ತ್ರದ ಆನರ್ಸ್ ಮುಗಿಸಿ, 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಿದರು. ಹಳೇ ಬೆಂಗಳೂರಿಗರ ಬಾಯಲ್ಲಿ ಇವತ್ತಿಗೂ ಅದು ಟಾಟಾ ಇನ್ಸ್ಟಿಟ್ಯೂಟ್. ಅಲ್ಲಿ ಭೌತಶಾಸ್ತ್ರ ವಿಭಾಗದಲ್ಲಿದ್ದವರು ಸಿ. ವಿ. ರಾಮನ್. ಹುಡುಗನ ಒಲವು ಬಹಳ ಬೇಗ ಅತ್ತ ತಿರುಗಿತು. ಈ ಹುಡುಗ ನಿಮ್ಮಲ್ಲಿರಲು ತುಂಬಾ ಜಾಣನಾದ, ನಮ್ಮ ಕಡೆ ಕಳಿಸಿಬಿಡಿ ಅಂತ ರಾಮನ್ ಎಲೆಕ್ಟ್ರಿಕಲ್ ವಿಭಾಗದ ಮುಖ್ಯಸ್ಥರಿಗೆ ಹೇಳಿದರಂತೆ. ನಮ್ಮ ಇಇ ಗೆಳೆಯರು ಬೇಜಾರು ಮಾಡ್ಕೋಬಾರದು, ಕತೆ ಹಾಗೆ ಇದೆ. ಎಲೆಕ್ಟ್ರಿಕಲ್‌ನವರು ಮುಂದೆ ಇದಕ್ಕೆ ಸೇಡು ತೀರಿಸಿಕೊಂಡರು ಅಂತಲೂ ಹೇಳಬಹುದು, ಅದನ್ನು ಆಮೇಲೆ ನೋಡೋಣ.

ರಾಮನ್ ಹತ್ತಿರ ಕಲಿತದ್ದು ಹರಳುಗಳ ಭೌತಶಾಸ್ತ್ರ. ವಜ್ರದ ಮೇಲೆ ಎಕ್ಸ್‌ರೇ ಬಿಟ್ಟು, ಅದರೊಳಗಿನ ಊನಗಳು ಎಲ್ಲೆಲ್ಲಿವೆ ಅಂತ ಚಿತ್ರ ತೆಗೆಯುವ ಕೆಲಸವನ್ನು ಇಪ್ಪತ್ತೆರಡರ ಆಸುಪಾಸಿನಲ್ಲೇ ಮಾಡಿದ್ದರು. ಕಣ್ಣಿಗೆ ಕಾಣದ್ದನ್ನು ಹಾಳೆಯ ಮೇಲೆ ಚಿತ್ರವಾಗಿ ಇಳಿಸುವ ಅಭ್ಯಾಸ ಅಲ್ಲೇ ಶುರುವಾಯಿತು ಅಂತ ನಮಗನ್ನಿಸುತ್ತೆ. 1947ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಡಿ.ಎಸ್ಸಿ. ಪದವಿ ಬಂತು. ಅದಾದ ಮೇಲೂ ಕೇಂಬ್ರಿಜ್‌ಗೆ ಹೋಗಿ, ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ ವೂಸ್ಟರ್ ಅವರ ಜೊತೆ ಎರಡು ವರ್ಷ ದುಡಿದು ಪಿಎಚ್.ಡಿ. ತೆಗೆದುಕೊಂಡರು. 1949ರಲ್ಲಿ ವಾಪಸು ಬೆಂಗಳೂರು.

1952ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯ ಭೌತಶಾಸ್ತ್ರಕ್ಕೆ ಪ್ರಾಧ್ಯಾಪಕರನ್ನು ಹುಡುಕುತ್ತಿತ್ತು. ಕುಲಪತಿ ಲಕ್ಷ್ಮಣಸ್ವಾಮಿ ಮುದಲಿಯಾರ್ ಕೇಳಿದ್ದು ರಾಮನ್ ಅವರನ್ನು. ರಾಮನ್ ತಾವು ಹೋಗದೆ ತಮ್ಮ ಶಿಷ್ಯನ ಹೆಸರು ಹೇಳಿದರು. ಹೀಗೆ ಇನ್ನೂ ಮೂವತ್ತರ ಹೊಸ್ತಿಲಲ್ಲಿದ್ದ ರಾಮಚಂದ್ರನ್ ವಿಭಾಗದ ಮುಖ್ಯಸ್ಥರಾದರು. ಗಿಂಡಿಯ ಆವರಣ, ಹೊಸ ಎಕ್ಸ್‌ರೇ ಲ್ಯಾಬು, ಕೈಗೆ ಬಂದ ಒಂದಿಷ್ಟು ವಿದ್ಯಾರ್ಥಿಗಳು. ಯಾವ ಸಮಸ್ಯೆ ಹಿಡಿಯಬೇಕು ಅನ್ನೋದೊಂದು ಬಾಕಿ ಇತ್ತು.

ಆ ಸಮಸ್ಯೆಯನ್ನು ಕೊಟ್ಟವರು ಮದ್ರಾಸಿಗೆ ಬಂದಿದ್ದ ಜೆ. ಡಿ. ಬರ್ನಾಲ್. ಕೊಲಾಜನ್ ಎಂಬ ಪ್ರೋಟೀನಿನ ರಚನೆ ಯಾರಿಗೂ ಸರಿಯಾಗಿ ಸಿಕ್ಕಿಲ್ಲ ಅನ್ನೋದು ಅವರ ಮಾತಿನ ನಡುವೆ ಬಂತು. ನಮ್ಮ ಚರ್ಮ, ಸ್ನಾಯುರಜ್ಜು, ಮೂಳೆ, ಎಲ್ಲವನ್ನೂ ಹಿಡಿದಿಟ್ಟಿರುವ ಪ್ರೋಟೀನು ಅದು. ಆಗ ಪೌಲಿಂಗ್ ಆಲ್ಫಾ ಸುರುಳಿಯನ್ನು ಹೇಳಿ ಒಂದೇ ವರ್ಷವಾಗಿತ್ತು, ಕೊಲಾಜನ್‌ಗೂ ಅವರೊಂದು ರಚನೆ ಕೊಟ್ಟಿದ್ದರು, ಅದು ಹೊಂದುತ್ತಿರಲಿಲ್ಲ. ಮಜಾ ಏನಂದ್ರೆ, ವಿಶ್ವವಿದ್ಯಾಲಯದ ಪಕ್ಕದಲ್ಲೇ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಇತ್ತು. ತೊಗಲು ಹದ ಮಾಡುವವರಿಗೆ ಕೊಲಾಜನ್ ಅಂದರೆ ದಿನದ ವ್ಯವಹಾರ. ಕಾಂಗರೂ ಬಾಲದ ರಜ್ಜು ಅಲ್ಲಿಂದ ಸಿಕ್ಕಿತು, ಎಕ್ಸ್‌ರೇ ಚಿತ್ರಗಳು ಚೆನ್ನಾಗಿ ಬಂದವು.

ಗೋಪಿನಾಥ್ ಕರ್ತಾ ಜೊತೆ ಸೇರಿ ಲೆಕ್ಕ ಶುರುವಾಯಿತು. ಕೊಲಾಜನ್‌ನಲ್ಲಿ ಮೂರಕ್ಕೊಂದು ಅಮೈನೊ ಆಮ್ಲ ಗ್ಲೈಸಿನ್, ಎಲ್ಲಕ್ಕಿಂತ ಚಿಕ್ಕದು. ಹೀಗೆ ಪ್ರತಿ ಮೂರನೆಯ ಜಾಗದಲ್ಲಿ ಅಷ್ಟು ಪುಟ್ಟದ್ದೇ ಯಾಕೆ ಬೇಕು? ಅಲ್ಲಿ ಜಾಗ ಇಕ್ಕಟ್ಟಾಗಿದ್ದರೆ ಮಾತ್ರ ಅದಕ್ಕೆ ಅರ್ಥ. ಹಾಗಾದರೆ ಮೂರು ಸರಗಳು ಒತ್ತಾಗಿ ಒಟ್ಟಿಗೆ ಬಂದಿರಬೇಕು, ಗ್ಲೈಸಿನ್‌ಗಳೆಲ್ಲ ಒಳಮುಖವಾಗಿ ನಡುವಿನಲ್ಲಿ ಕೂತಿರಬೇಕು. 1954ರ ಆಗಸ್ಟ್‌ನಲ್ಲಿ ಈ ಮೂರೆಳೆಯ ರಚನೆ ನೇಚರ್ ಪತ್ರಿಕೆಯಲ್ಲಿ ಬಂತು. ಮರುವರ್ಷ ಅದನ್ನು ತಿದ್ದಿ, ಮೂರೂ ಎಳೆಗಳು ಒಂದರ ಸುತ್ತ ಒಂದು ಹೊಸೆದುಕೊಂಡಿವೆ ಅಂತ ತೋರಿಸಿದರು. ನಾರಿನ ಹುರಿ ಹೊಸೆಯೋದನ್ನು ನೋಡಿದವರಿಗೆ ಇದು ತಕ್ಷಣ ಹೊಳೆಯುತ್ತೆ: ಒಂದೊಂದು ಎಳೆ ಎಡಕ್ಕೆ ತಿರುಚಿಕೊಂಡಿದ್ದರೆ, ಮೂರೂ ಸೇರಿದ ಹುರಿ ಬಲಕ್ಕೆ ತಿರುಚಿಕೊಳ್ಳುತ್ತದೆ. ಕೊಲಾಜನ್ ಮಾಡಿರೋದೂ ಅದನ್ನೇ.

ಪೆಟ್ಟು ಬಿದ್ದದ್ದು ಆಗ. 1955ರಲ್ಲೇ ಕೇಂಬ್ರಿಜ್‌ನಿಂದ ಅಲೆಕ್ಸಾಂಡರ್ ರಿಚ್ ಮತ್ತು ಫ್ರಾನ್ಸಿಸ್ ಕ್ರಿಕ್ ಪ್ರಬಂಧ ಬಂತು. ಮೂರೆಳೆಯ ಹುರಿ ಅನ್ನೋದನ್ನು ಅವರೂ ಒಪ್ಪಿದರು. ಆದರೆ ಮದ್ರಾಸಿನವರ ರಚನೆಯಲ್ಲಿ ಕೆಲವು ಪರಮಾಣುಗಳು ಒಂದಕ್ಕೊಂದು ತೀರಾ ಹತ್ತಿರ ಬಂದಿವೆ, ಅಷ್ಟು ಹತ್ತಿರ ಇರೋಕೆ ಸಾಧ್ಯವಿಲ್ಲ ಅನ್ನೋದು ಆಕ್ಷೇಪ. ಮೂರು ಅಮೈನೊ ಆಮ್ಲಗಳಿಗೆ ಎರಡು ಹೈಡ್ರೋಜನ್ ಬಂಧ ಅಂತ ರಾಮಚಂದ್ರನ್ ಹೇಳಿದ್ದರು, ಅವರು ಒಂದೇ ಅಂದರು. ಎರಡು ವರ್ಷದ ಹಿಂದೆ ಡಿಎನ್‌ಎ ರಚನೆ ಕೊಟ್ಟ ಕ್ರಿಕ್ ಹೀಗಂದರೆ ಕೇಳುವವರು ಯಾರ ಮಾತು ಕೇಳ್ತಾರೆ? ಮೂರೆಳೆಯ ಮೂಲ ಕಲ್ಪನೆ ಮದ್ರಾಸಿನದು ಅನ್ನೋದನ್ನು ಬಿಟ್ಟು, ಕೊಲಾಜನ್ ಅಂದಕೂಡಲೇ ರಿಚ್ ಮತ್ತು ಕ್ರಿಕ್ ಹೆಸರನ್ನಷ್ಟೇ ಹೇಳುವ ಬರಹಗಳು ಇವತ್ತಿಗೂ ಸಿಗುತ್ತವೆ. ಇದು ಸರಿಯಲ್ಲ ಅನ್ನೋದು ನಮ್ಮ ಅಭಿಪ್ರಾಯ. ಹಾಗಂತ ಟೀಕೆಯೇ ಸುಳ್ಳು ಅನ್ನೋಕಾಗಲ್ಲ. 1994ರಲ್ಲಿ ಕೊಲಾಜನ್‌ನಂಥದೇ ಒಂದು ತುಣುಕಿನ ಹರಳು ಸಿಕ್ಕಿ ಅದರ ರಚನೆ ಸ್ಪಷ್ಟವಾಗಿ ಕಂಡಾಗ, ಮೂರೆಳೆ ಸರಿ ಇತ್ತು, ನೇರವಾದ ಹೈಡ್ರೋಜನ್ ಬಂಧ ಮಾತ್ರ ಒಂದೇ ಇತ್ತು. ಇನ್ನೊಂದು ಬಂಧ ನೀರಿನ ಅಣುವಿನ ಮೂಲಕ ಇರಬಹುದು ಅಂತ ರಾಮಚಂದ್ರನ್ 1968ರಲ್ಲೇ ಬರೆದಿದ್ದರು. ಆ ಹರಳಿನಲ್ಲಿ ಸುತ್ತ ನೀರಿನ ಅಣುಗಳ ಬಲೆಯೂ ಕಂಡಿತು.

ಟೀಕೆ ಬಂದಾಗ ಅವರೇನು ಮಾಡಿದರು ಅನ್ನೋದೇ ಈ ಬದುಕಿನ ತಿರುಳು. ತಮ್ಮ ರಚನೆಯನ್ನು ಸಮರ್ಥಿಸುತ್ತಾ ಪತ್ರ ಬರೆಯುತ್ತಾ ಕೂರಬಹುದಿತ್ತು. ಬದಲಿಗೆ ಒಂದು ಮೂಲ ಪ್ರಶ್ನೆ ಎತ್ತಿಕೊಂಡರು. ತೀರಾ ಹತ್ತಿರ ಅಂದರೆ ಎಷ್ಟು ಹತ್ತಿರ? ಎರಡು ಇಂಗಾಲದ ಪರಮಾಣುಗಳು, ನಡುವೆ ಬಂಧ ಇಲ್ಲದಿದ್ದಾಗ, ಎಷ್ಟರವರೆಗೆ ಹತ್ತಿರ ಬರಬಹುದು? ಇಂಗಾಲ ಮತ್ತು ಆಮ್ಲಜನಕ? ಇದಕ್ಕೆ ಎಲ್ಲರೂ ಒಪ್ಪುವ ಅಳತೆಯೇ ಇರಲಿಲ್ಲ. ಹಾಗಾಗಿ ಅಲ್ಲಿಯವರೆಗೆ ಪ್ರಕಟವಾಗಿದ್ದ ಚಿಕ್ಕ ಅಣುಗಳ ಹರಳಿನ ರಚನೆಗಳನ್ನೆಲ್ಲ ಗುಡ್ಡೆ ಹಾಕಿ, ಒಂದೊಂದರಲ್ಲೂ ಅಂತರಗಳನ್ನು ಅಳೆದು ಪಟ್ಟಿ ಮಾಡಿದರು. ಸಾಮಾನ್ಯವಾಗಿ ಇಷ್ಟು, ಅಪರೂಪಕ್ಕೆ ಇಷ್ಟು, ಹೀಗೆ ಎರಡು ಮಿತಿಗಳು. ಇಂಗಾಲ-ಇಂಗಾಲಕ್ಕೆ ಸಾಮಾನ್ಯ ಮಿತಿ 3.2 ಆಂಗ್‌ಸ್ಟ್ರಾಮ್, ಕಟ್ಟಕಡೆಯದು 3.0. ಒಂದು ಆಂಗ್‌ಸ್ಟ್ರಾಮ್ ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು. ಜಗಳ ನಡೀತಿದ್ದದ್ದು ಅದರಲ್ಲೂ ಒಂದು ಚೂರಿನ ಬಗ್ಗೆ.

ಅಳತೆಗೋಲು ಸಿಕ್ಕಿದ ಮೇಲೆ ಅದನ್ನು ತಮ್ಮ ಕೊಲಾಜನ್‌ಗಷ್ಟೇ ಇಟ್ಟು ನೋಡಿ ಬಿಡಲಿಲ್ಲ. ಯಾವ ಪ್ರೋಟೀನಾದರೂ ಸರಿ, ಸರ ಹೇಗೆಲ್ಲ ತಿರುಗಬಹುದು ಅಂತ ಕೇಳಿದರು. ಮೆಕ್ಯಾನಿಕಲ್‌ನವರ ಭಾಷೆಯಲ್ಲಿ ಹೇಳೋದಾದರೆ: ಪ್ರೋಟೀನಿನ ಬೆನ್ನೆಲುಬು ಚಪ್ಪಟೆಯಾದ ಗಟ್ಟಿ ತಗಡುಗಳ ಸಾಲು. ತಗಡು ತಾನಾಗಿ ಬಾಗಲ್ಲ, ಅದನ್ನು ಪೌಲಿಂಗ್ ಆಗಲೇ ಹೇಳಿದ್ದರು. ಎರಡು ತಗಡು ಸೇರುವ ಮೂಲೆಯಲ್ಲಿ ಒಂದು ಇಂಗಾಲದ ಪರಮಾಣು ಇದೆ, ಅದರ ಆಚೆಗೊಂದು ಈಚೆಗೊಂದು ತಿರುಗುವ ಕೀಲು. ಒಂದು ಕೀಲಿನ ಕೋನ ಫೈ, ಇನ್ನೊಂದರದು ಸೈ. ಅಷ್ಟೇ, ಪ್ರತಿ ಮೂಲೆಗೂ ಎರಡು ಡಿಗ್ರಿ ಆಫ್ ಫ್ರೀಡಮ್. ಫೈ ಒಂದು ಅಕ್ಷ, ಸೈ ಇನ್ನೊಂದು ಅಕ್ಷ ಅಂತಿಟ್ಟರೆ ಮೂಲೆಯ ಎಲ್ಲ ಸಾಧ್ಯ ಭಂಗಿಗಳೂ ಒಂದೇ ಚೌಕದೊಳಗೆ ಬಂದುಬಿಡುತ್ತವೆ.

ಈಗ ವಿ. ಶಶಿಶೇಖರನ್ ಮತ್ತು ಸಿ. ರಾಮಕೃಷ್ಣನ್ ಜೊತೆ ಆ ಚೌಕದ ಮೇಲೆ ಬಿಂದುವಿನಿಂದ ಬಿಂದುವಿಗೆ ನಡೆಯುತ್ತಾ ಹೋಗೋದು. ಪ್ರತಿ ಬಿಂದುವಿನಲ್ಲೂ ಪರಮಾಣುಗಳ ಜಾಗ ಲೆಕ್ಕ ಹಾಕು, ಎಲ್ಲ ಜೋಡಿಗಳ ಅಂತರ ನೋಡು, ಒಂದು ಜೋಡಿ ಡಿಕ್ಕಿ ಹೊಡೆದರೂ ಆ ಬಿಂದು ಹೊಡೆದುಹಾಕು. ಇವತ್ತು ಪೈಥಾನ್‌ನಲ್ಲಿ ಎರಡು ಲೂಪ್ ಒಂದರೊಳಗೊಂದು ಹಾಕಿದರೆ ಟೀ ಕುಡಿದು ಬರುವಷ್ಟರಲ್ಲಿ ಮುಗಿಯುತ್ತೆ. ಅವರ ಬಳಿ ಇದ್ದದ್ದು ಮೇಜಿನ ಮೇಲಿನ ಲೆಕ್ಕಯಂತ್ರ, ಮತ್ತೆ ಕೈ. ಲೆಕ್ಕ ಮುಗಿದಾಗ ಕಂಡದ್ದು ಯಾರೂ ಎಣಿಸದಷ್ಟು ಖಾಲಿಯಾದ ನಕ್ಷೆ. ಗ್ಲೈಸಿನ್ ಬಿಟ್ಟರೆ ಉಳಿದವಕ್ಕೆ ಚೌಕದ ಮುಕ್ಕಾಲು ಭಾಗ ನಿಷಿದ್ಧ. ಎಡಗಡೆ ಎರಡು ದ್ವೀಪ, ಬಲಗಡೆ ಒಂದು ಪುಟ್ಟ ನಡುಗಡ್ಡೆ. ಎಡಗಡೆಯ ಕೆಳಗಿನ ದ್ವೀಪದಲ್ಲಿ ಪೌಲಿಂಗ್ ಅವರ ಆಲ್ಫಾ ಸುರುಳಿ, ಮೇಲಿನದರಲ್ಲಿ ಬೀಟಾ ಹಾಳೆ, ಅದೇ ದ್ವೀಪದಲ್ಲಿ ಅವರದೇ ಕೊಲಾಜನ್.

ಪ್ರಬಂಧ ಅಚ್ಚಾದದ್ದು 1963ರಲ್ಲಿ, ಜರ್ನಲ್ ಆಫ್ ಮಾಲಿಕ್ಯುಲರ್ ಬಯಾಲಜಿಯಲ್ಲಿ, ಐದೇ ಪುಟ. ಆ ಹೊತ್ತಿಗೆ ಪರಮಾಣುಗಳ ಮಟ್ಟದಲ್ಲಿ ಗೊತ್ತಿದ್ದ ಪ್ರೋಟೀನು ಅಂದರೆ ಮಯೋಗ್ಲೋಬಿನ್. ಲೈಸೊಜೈಮ್ ಇನ್ನೂ ಎರಡು ವರ್ಷ ಬಿಟ್ಟು ಬರಬೇಕಿತ್ತು. ಅಂದರೆ ಪ್ರೋಟೀನುಗಳನ್ನು ನೋಡಿ ನಕ್ಷೆ ಬರೆದದ್ದಲ್ಲ, ನಕ್ಷೆ ಬರೆದಿಟ್ಟ ಮೇಲೆ ಪ್ರೋಟೀನುಗಳು ಒಂದೊಂದಾಗಿ ಬಂದು ಆ ದ್ವೀಪಗಳಲ್ಲೇ ಕೂತವು. ಇವತ್ತು ಯಾರಾದರೂ ಹೊಸ ಪ್ರೋಟೀನಿನ ರಚನೆಯನ್ನು ಜಾಗತಿಕ ದತ್ತಸಂಗ್ರಹಕ್ಕೆ ಒಪ್ಪಿಸಿದರೆ, ಅದರ ಪರೀಕ್ಷಾ ವರದಿಯಲ್ಲಿ ನಿಷಿದ್ಧ ಜಾಗದಲ್ಲಿ ಎಷ್ಟು ಬಿಂದು ಬಿದ್ದಿವೆ ಅನ್ನೋದೂ ಇರುತ್ತದೆ. ಹೆಚ್ಚು ಬಿದ್ದಿದ್ದರೆ ಎಲ್ಲೋ ಎಡವಟ್ಟಾಗಿದೆ ಅಂತಲೇ ಅರ್ಥ. ತಮ್ಮ ರಚನೆಯ ಮೇಲೆ ಬಂದ ಆಕ್ಷೇಪವನ್ನೇ ತೆಗೆದುಕೊಂಡು, ಎಲ್ಲರ ರಚನೆಯನ್ನೂ ತೂಗುವ ತಕ್ಕಡಿ ಮಾಡಿಬಿಟ್ಟರು.

ಈಗ ಆ ಮಣಿಕಂಬಗಳಿಗೆ ಬರೋಣ. ಪೊರೆಯ ಒಳಭಾಗ ಎಣ್ಣೆಯಂಥದು. ಹೊರಗಡೆ ಇದ್ದಾಗ ಬೆನ್ನೆಲುಬಿನ ಹೈಡ್ರೋಜನ್ ಬಂಧಗಳಿಗೆ ಜೊತೆಯಾಗೋಕೆ ನೀರು ಸಿಗುತ್ತೆ, ಎಣ್ಣೆಯೊಳಗೆ ಸಿಗಲ್ಲ. ಸರ ತನ್ನೊಳಗೇ ಜೋಡಿ ಹುಡುಕಿಕೊಳ್ಳಬೇಕು. ಆಲ್ಫಾ ಸುರುಳಿಯಾದರೆ ಅದು ಸಲೀಸು. ಸುರುಳಿಯಲ್ಲಿ ಒಂದೊಂದು ಅಮೈನೊ ಆಮ್ಲಕ್ಕೆ 1.5 ಆಂಗ್‌ಸ್ಟ್ರಾಮ್ ಎತ್ತರ, ಎಣ್ಣೆಯ ಪದರದ ದಪ್ಪ ಸುಮಾರು 30. ಭಾಗಿಸಿ ನೋಡಿ, 20 ಮಣಿ ಬಂತು. ಟೆಕ್ಸ್‌ಟೋಪೋ ಕಂಬವಾಗಿ ನಿಲ್ಲಿಸುವ ಆ 20 ಮಣಿಗಳನ್ನೇ ರಾಮಚಂದ್ರನ್ ನಕ್ಷೆಯಲ್ಲಿ ಹಾಕಿದರೆ, ಎಲ್ಲವೂ ಫೈ ಮೈನಸ್ 57, ಸೈ ಮೈನಸ್ 47ರ ಸುತ್ತ ಜೇನುಹುಳುಗಳ ಹಾಗೆ ಒಂದೇ ಕಡೆ ಮುತ್ತಿಕೊಳ್ಳುತ್ತವೆ. (ಬ್ಯಾಕ್ಟೀರಿಯಾದ ಹೊರಪೊರೆಯ ಪೋರಿನ್‌ಗಳು ಬೇರೆ ಜಾತಿ, ಅವು ಬೀಟಾ ದ್ವೀಪದವು.) ಅದೇ ಮಣಿಗಳು, ಎರಡು ಚಿತ್ರ. ಆದರೆ ಎರಡೂ ಒಂದೇ ತರಹದ ಚಿತ್ರವಲ್ಲ. ಹಾವಿನ ಚಿತ್ರದಲ್ಲಿ ಕಂಬಗಳ ನಡುವಿನ ಕುಣಿಕೆಗಳು ಎತ್ತ ಬಾಗಿವೆ ಅನ್ನೋದಕ್ಕೆ ಯಾವ ಅರ್ಥವೂ ಇಲ್ಲ, ಪುಟದಲ್ಲಿ ಜಾಗ ಇದ್ದ ಹಾಗೆ ಬಳಸುವವರು ಉದ್ದ ಗಿಡ್ಡ ಮಾಡಿಕೊಳ್ಳಬಹುದು. ರಾಮಚಂದ್ರನ್ ಚಿತ್ರದಲ್ಲಿ ಒಂದು ಬಿಂದುವನ್ನೂ ಅಂದಕ್ಕಾಗಿ ಸರಿಸೋಕಾಗಲ್ಲ. ಯಾವ ತುಂಡು ಪೊರೆಯ ಒಳಗೆ, ಯಾವುದು ಹೊರಗೆ ಅಂತ ಒಂದು ನೋಟದಲ್ಲಿ ಹೇಳೋಕೆ ಮೊದಲನೆಯದೇ ಬೇಕು. ಅದನ್ನು ಆಕಾರ ಅಂತ ನಂಬಿದರೆ ಮಾತ್ರ ತಪ್ಪು.

ಚಿತ್ರ ಚೆನ್ನಾಗಿ ಬಂದಿದೆ ಅಂದಮಾತ್ರಕ್ಕೆ ಸರಿಯಿದೆ ಅಂತಲ್ಲ ಅನ್ನೋದಕ್ಕೆ ಪೊರೆ ಪ್ರೋಟೀನುಗಳ ಲೋಕದಲ್ಲೇ ಒಂದು ಪ್ರಸಿದ್ಧ ಪ್ರಸಂಗವಿದೆ. 2006ರಲ್ಲಿ ಅಮೆರಿಕದ ಒಂದು ಲ್ಯಾಬು ಇಂಥ ಪ್ರೋಟೀನುಗಳ ರಚನೆಯ ಐದು ಪ್ರಬಂಧಗಳನ್ನು ಹಿಂಪಡೆಯಬೇಕಾಯಿತು. ದತ್ತಾಂಶ ಸಂಸ್ಕರಿಸೋಕೆ ಲ್ಯಾಬಿನಲ್ಲಿ ಬಳಸುತ್ತಿದ್ದ ಒಂದು ಸಣ್ಣ ಪ್ರೋಗ್ರಾಮ್ ಎರಡು ಕಾಲಮ್‌ಗಳನ್ನು ಅದಲುಬದಲು ಮಾಡಿತ್ತು. ಇಡೀ ರಚನೆ ಕನ್ನಡಿಯೊಳಗಿನದಾಗಿಬಿಟ್ಟಿತ್ತು. ನಮ್ಮ ಸಿಎಸ್ ಗೆಳೆಯರು ಇದನ್ನು ಲ್ಯಾಬಿನ ಗೋಡೆಗೆ ಅಂಟಿಸಿಕೊಳ್ಳಲಿ.

ಎಲೆಕ್ಟ್ರಿಕಲ್‌ನವರ ಸೇಡಿನ ವಿಷಯ ಬಾಕಿ ಇದೆ. 1970ರ ಹೊತ್ತಿಗೆ ಮದ್ರಾಸ್ ಬಿಟ್ಟು, 1971ರಲ್ಲಿ ರಾಮಚಂದ್ರನ್ ಮತ್ತೆ ಬೆಂಗಳೂರಿನ ಅದೇ ಸಂಸ್ಥೆಗೆ ಬಂದರು. ಆಗ ಅಲ್ಲಿ ಸತೀಶ್ ಧವನ್ ನಿರ್ದೇಶಕರು. ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್ ಎಂಬ ಹೊಸ ವಿಭಾಗ ಕಟ್ಟಿದರು, ಶಶಿಶೇಖರನ್ ಮತ್ತು ರಾಮಕೃಷ್ಣನ್ ಕೂಡ ಅಲ್ಲಿಗೆ ಬಂದು ಸೇರಿದರು. ಅದೇ ವರ್ಷ ಎ. ವಿ. ಲಕ್ಷ್ಮೀನಾರಾಯಣನ್ ಜೊತೆ ಒಂದು ಪ್ರಬಂಧ ಬರೆದರು. ಒಂದು ವಸ್ತುವನ್ನು ಬೇರೆ ಬೇರೆ ದಿಕ್ಕಿನಿಂದ ತೆಗೆದ ನೆರಳುಚಿತ್ರಗಳಿಂದ ಅದರ ಒಳಗನ್ನು ಮತ್ತೆ ಕಟ್ಟೋದು ಹೇಗೆ ಅನ್ನೋದು ಅದರ ವಿಷಯ. ಫೊರಿಯರ್ ರೂಪಾಂತರದ ಸುತ್ತುದಾರಿ ಬೇಡ, ಪ್ರತಿ ನೆರಳನ್ನೂ ಒಂದು ಫಲನದೊಂದಿಗೆ ಕನ್ವೊಲ್ಯೂಷನ್ ಮಾಡಿ, ಬಂದ ದಿಕ್ಕಿಗೇ ಹಿಂದಕ್ಕೆ ಸವರಿದರೆ ಸಾಕು ಅಂತ ತೋರಿಸಿದರು. ರೇಡಿಯೋ ಖಗೋಳಶಾಸ್ತ್ರದಲ್ಲಿ ಬ್ರೇಸ್‌ವೆಲ್ ಮತ್ತು ರಿಡಲ್ 1967ರಲ್ಲಿ ಇಂಥದೇ ದಾರಿ ಕಂಡಿದ್ದರು ಅನ್ನೋದನ್ನೂ ಹೇಳಬೇಕು. ಸಿಟಿ ಸ್ಕ್ಯಾನರುಗಳು ಹೊರಬರುತ್ತಿದ್ದ ಕಾಲ ಅದು, ಈ ದಾರಿ ಅವುಗಳಲ್ಲಿ ಭದ್ರವಾಗಿ ನೆಲೆಯಾಯಿತು. ಇಮೇಜ್ ಪ್ರೊಸೆಸಿಂಗ್ ಲ್ಯಾಬಿನಲ್ಲಿ ಮ್ಯಾಟ್‌ಲ್ಯಾಬ್‌ನ ವಿಲೋಮ ರೇಡಾನ್ ಫಂಕ್ಷನ್ ಓಡಿಸಿದವರು ನೆನಪು ಮಾಡ್ಕೊಳ್ಳಿ: ನೀವು ಏನೂ ಹೇಳದಿದ್ದರೆ ಅದು ತಾನಾಗಿ ಆರಿಸಿಕೊಳ್ಳುವ ಫಿಲ್ಟರ್ ರಾಮ್-ಲಾಕ್. ರಾಮಚಂದ್ರನ್, ಲಕ್ಷ್ಮೀನಾರಾಯಣನ್. ಇಇ ವಿಭಾಗ ಬಿಟ್ಟುಹೋದ ಹುಡುಗ ಸಿಗ್ನಲ್ ಪ್ರೊಸೆಸಿಂಗ್ ಸಿಲಬಸ್ಸಿನಲ್ಲಿ ಹೀಗೆ ವಾಪಸು ಬಂದು ಕೂತಿದ್ದಾರೆ.

ಆ ವರ್ಷಗಳಲ್ಲಿ ಷಿಕಾಗೋ ವಿಶ್ವವಿದ್ಯಾಲಯಕ್ಕೂ ಹೋಗಿ ಬಂದು ಮಾಡುತ್ತಿದ್ದರು. 1977ರಲ್ಲಿ ರಾಯಲ್ ಸೊಸೈಟಿಯ ಫೆಲೊ ಆದರು. ಆಮೇಲೆ ಅವರ ಮನಸ್ಸು ಪ್ರೋಟೀನುಗಳಿಂದ ತರ್ಕಶಾಸ್ತ್ರದ ಕಡೆ ಹೊರಳಿತು. ಜೈನರ ಸ್ಯಾದ್ವಾದವನ್ನು ಗಣಿತದ ಭಾಷೆಗೆ ತರಬಹುದೇ ಅಂತ ಮ್ಯಾಟ್ರಿಕ್ಸುಗಳನ್ನು ಹಿಡಿದು ಕೂತರು. ಇದನ್ನು ಹಿಂಬಾಲಿಸಿದವರು ಕಡಿಮೆ. ನೊಬೆಲ್ ಬರಲಿಲ್ಲ. ಬರಬೇಕಿತ್ತು ಅನ್ನೋ ಚರ್ಚೆ ಅವರ ಹೆಸರು ಬಂದಲ್ಲೆಲ್ಲ ಬರುತ್ತೆ, ನಾವು ಅದನ್ನು ಬೆಳೆಸಲ್ಲ.

ಕೊನೆಯ ವರ್ಷಗಳು ಸುಖದವಲ್ಲ. ಪಾರ್ಕಿನ್ಸನ್ ಕಾಯಿಲೆ ಕಾಡಿತು. 1945ರಲ್ಲಿ ಕೈಹಿಡಿದ ರಾಜಲಕ್ಷ್ಮಿ 1998ರಲ್ಲಿ ತೀರಿಕೊಂಡರು. ಹರಳುಶಾಸ್ತ್ರಜ್ಞರ ಅಂತರರಾಷ್ಟ್ರೀಯ ಒಕ್ಕೂಟದ ಎವಾಲ್ಡ್ ಪ್ರಶಸ್ತಿ 1999ರಲ್ಲಿ ಬಂದಾಗ ಅವರಿಗೆ ಎಪ್ಪತ್ತಾರು ದಾಟಿತ್ತು. 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ತೀರಿಕೊಂಡರು. ಬೈಟ್ಸ್ ಅವರ ಪ್ಯಾಕೇಜ್ ಹೊರಬಂದು ಆಗ ಒಂದು ವರ್ಷವಾಗಿತ್ತು.